ಈಜುಕೊಳದ ಸುತ್ತ ಕೃತಕ ಹುಲ್ಲುಹಾಸು: ಎರಡು ವರ್ಷಗಳ ಬಳಕೆಯ ನಂತರ

ನಮ್ಮ ಮನೆಯ ಈಜುಕೊಳದ ಸುತ್ತ ಮೊದಲು ನುಣುಪಾದ ಕಲ್ಲಿನ ಹಾಸಿತ್ತು. ನೀರು ಬಿದ್ದೊಡನೆ ಅದರ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಸೊಂಟದ ಶಸ್ತ್ರಚಿಕಿತ್ಸೆಯ ನಂತರ ವಾಕರ್ ಹಿಡಿದು ನಡೆಯುವ, ಸ್ವಲ್ಪ ದೂರವಾದರೆ ಗಾಲಿಕುರ್ಚಿಯನ್ನೇ ಅವಲಂಬಿಸುವ ನನ್ನ ತಾಯಿಗೆ ನೀರಿನಲ್ಲಿ ವ್ಯಾಯಾಮ ಮಾಡುವಂತೆ ವೈದ್ಯರು ಸೂಚಿಸಿದಾಗ, ಕೊಳಕ್ಕಿಂತ ಕೊಳದವರೆಗಿನ ಹತ್ತು ಹೆಜ್ಜೆಗಳೇ ನಮ್ಮನ್ನು ಹೆದರಿಸಿದವು. ಆ ಹತ್ತು ಹೆಜ್ಜೆಗಳಿಗಾಗಿಯೇ ಕೃತಕ ಹುಲ್ಲು ಹಾಸಿಸಿದೆವು. ಎರಡು ವರ್ಷಗಳ ಬಳಿಕ ನನ್ನ ಅಭಿಪ್ರಾಯ ಇಷ್ಟು: ಒದ್ದೆ ನೆಲದ ಜಾರಿಕೆಗೆ ಇದು ನಿಜವಾದ ಪರಿಹಾರ, ಆದರೆ ಅದರ ಗುಣದ ಬಹುಪಾಲು ಕಣ್ಣಿಗೆ ಕಾಣುವ ಹಸಿರಿನಲ್ಲಿಲ್ಲ, ಅದರ ಕೆಳಗಿನ ನೆಲದಲ್ಲಿದೆ.

ಮೊದಲ ಸಲ ಕೆಲಸಕ್ಕೆ ಬಂದವರು ಹಳೆಯ ಕಲ್ಲಿನ ಮೇಲೆಯೇ ಅಂಟು ಬಳಿದು ಹಾಸನ್ನು ಅಂಟಿಸಿ ಹೋದರು. ಹಾಸಿನ ಬೆನ್ನಿನಲ್ಲಿ ನೀರು ಇಳಿಯಲು ರಂಧ್ರಗಳಿದ್ದರೂ, ಇಳಿದ ನೀರಿಗೆ ಮುಂದೆ ಹೋಗಲು ದಾರಿಯೇ ಇರಲಿಲ್ಲ. ತಿಂಗಳೊಳಗೆ ಒಂದು ಮೂಲೆಯಲ್ಲಿ ನೀರು ನಿಂತು ಕೊಳೆತ ವಾಸನೆ ಬರತೊಡಗಿತು. ಎಲ್ಲವನ್ನೂ ಕಿತ್ತು, ಕಲ್ಲು ತೆಗೆಸಿ, ಸುಮಾರು 100 ಮಿಲಿಮೀಟರ್ ದಪ್ಪಕ್ಕೆ ಜಲ್ಲಿ ಮತ್ತು ಜಲ್ಲಿಪುಡಿಯನ್ನು ಪದರ ಪದರವಾಗಿ ಗಟ್ಟಿಸಿ ಮತ್ತೆ ಹಾಸಬೇಕಾಯಿತು. ಇಳಿಜಾರು ಕೊಳದಿಂದ ಹೊರಮುಖವಾಗಿರಬೇಕು; ಇಲ್ಲವಾದರೆ ಮಳೆಯ ನೀರು ನೆಲದ ಕೊಳೆಯನ್ನೆಲ್ಲ ಹೊತ್ತು ಕೊಳಕ್ಕೇ ಸೇರುತ್ತದೆ. ಮೀಟರಿಗೆ 2 ಸೆಂಟಿಮೀಟರಿನಷ್ಟು ಇಳಿಜಾರು ನೀರು ಹರಿಯಲು ಸಾಕು. ಅದಕ್ಕಿಂತ ಹೆಚ್ಚಿಸಿದರೆ ಗಾಲಿಕುರ್ಚಿ ಒಂದು ಬದಿಗೆ ಎಳೆಯತೊಡಗುತ್ತದೆ. ಅಮೆರಿಕದ ಎಡಿಎ (ಅಂಗವಿಕಲರ ಹಕ್ಕುಗಳ ಕಾಯ್ದೆ) ಮಾನದಂಡವೂ ಅಡ್ಡ ಇಳಿಜಾರು, ಅಂದರೆ ಸಾಗುವ ದಿಕ್ಕಿಗೆ ಅಡ್ಡಲಾಗಿರುವ ಇಳಿಜಾರು, 48ಕ್ಕೆ 1ನ್ನು ಮೀರಬಾರದೆನ್ನುತ್ತದೆ, ಎಂದರೆ ಹೆಚ್ಚುಕಡಿಮೆ ಇದೇ ಅಳತೆ. ನೀರು ಬೇಡುವುದೂ ಗಾಲಿ ಸಹಿಸುವುದೂ ಇಲ್ಲಿ ಒಂದೇ ಅಂಕಿಯಲ್ಲಿ ಕೂಡಿದ್ದು ನಮ್ಮ ಭಾಗ್ಯ.

ಅಂಗಡಿಯಲ್ಲಿ ಕೈಯಾಡಿಸಿದಾಗ ಮನಸ್ಸು ಸೋಲುವುದು ಉದ್ದ ಎಳೆಯ, ಮೆತ್ತನೆಯ ಹಾಸಿಗೆ. ನಾನೂ ಮೊದಲು 40 ಮಿಲಿಮೀಟರಿನದನ್ನೇ ಮೆಚ್ಚಿದ್ದೆ. ಆದರೆ ತಾಯಿಯ ಕುರ್ಚಿಯನ್ನು ಮಾದರಿ ತುಂಡಿನ ಮೇಲೆ ಉರುಳಿಸಿ ನೋಡಿದಾಗ ಮುಂದಿನ ಸಣ್ಣ ಗಾಲಿಗಳು ಎಳೆಗಳ ನಡುವೆ ಹುದುಗಿ ನಿಂತುಬಿಟ್ಟವು. ವಾಕರಿನ ಕಾಲುಗಳೂ ಎಡವುತ್ತಿದ್ದವು. ರತ್ನಗಂಬಳಿಯ ಎಳೆ 13 ಮಿಲಿಮೀಟರಿಗಿಂತ ಎತ್ತರವಿರಬಾರದೆಂದು ಅದೇ ಮಾನದಂಡ ಹೇಳುವುದರ ಕಾರಣ ಆಗ ಅರ್ಥವಾಯಿತು. ನಾವು ಕೊನೆಗೆ ಆರಿಸಿದ್ದು 12 ಮಿಲಿಮೀಟರಿನ, ದಟ್ಟ ಹೆಣಿಗೆಯ ಪಾಲಿಎಥಿಲೀನ್ ಹಾಸು. ಅದು ಹುಲ್ಲಿನಂತೆ ಕಾಣುವುದು ಸ್ವಲ್ಪ ಕಡಿಮೆಯೇ, ಆದರೆ ತಾಯಿ ತಮ್ಮ ಕೈಯಿಂದಲೇ ಗಾಲಿ ತಿರುಗಿಸಿಕೊಂಡು ಬರಬಲ್ಲರು. ಕೆಳಗೆ ಮೆತ್ತೆ ಹಾಕುವ ಸಲಹೆಯನ್ನೂ ಇದೇ ಕಾರಣಕ್ಕೆ ಬಿಟ್ಟೆವು. ಹಾಗಾಗಿ ಬಿದ್ದರೆ ಪೆಟ್ಟಾಗುವುದೇ ಇಲ್ಲವೆಂದು ಹೇಳಲಾರೆ; ಬೀಳುವುದು ಕಡಿಮೆಯಾಗಿದೆ, ಅಷ್ಟೇ.

ಎಳೆಗಳ ನಡುವೆ ತುಂಬಲು ರಬ್ಬರ್ ಹರಳುಗಳನ್ನು ಒಪ್ಪಬೇಡಿ. ಅವು ಬಿಸಿಲಿಗೆ ಬೇಗ ಕಾಯುತ್ತವೆ, ಪಾದಕ್ಕಂಟಿಕೊಂಡು ಕೊಳಕ್ಕಿಳಿದು ಫಿಲ್ಟರ್ ಸೇರುತ್ತವೆ. ನಾವು ತೊಳೆದ ಸಿಲಿಕಾ ಮರಳನ್ನು ತೆಳುವಾಗಿ ಹರಡಿಸಿದ್ದೇವೆ.

ನಾನು ನಿರೀಕ್ಷಿಸದೆ ದೊರೆತ ಒಂದು ಲಾಭವನ್ನು ಇಲ್ಲಿ ಹೇಳಲೇಬೇಕು. ಹಾಸನ್ನು ನೀರಿನ ಅಂಚಿನವರೆಗೂ ಎಳೆಯದೆ, ಕೊಳದ ಸುತ್ತ ಒರಟು ಮೇಲ್ಮೈಯ ತಿಳಿಬಣ್ಣದ ಕಲ್ಲಿನ ಪಟ್ಟಿಯನ್ನು ಉಳಿಸಿಕೊಂಡೆವು. ಹಿಂದೆ ನೆಲ, ಅಂಚು ಎರಡೂ ಒಂದೇ ಬಣ್ಣವಾಗಿದ್ದುದರಿಂದ ದೃಷ್ಟಿ ಮಂದವಾದ ತಾಯಿಗೆ ನೀರು ಎಲ್ಲಿ ಆರಂಭವಾಗುತ್ತದೆಂಬುದೇ ತಿಳಿಯುತ್ತಿರಲಿಲ್ಲ. ಈಗ ಹಸಿರು ಮುಗಿದು ಬಿಳಿ ಪಟ್ಟಿ ಬಂದೊಡನೆ ಕಣ್ಣಿಗೆ ಮಾತ್ರವಲ್ಲ, ಅಂಗಾಲಿಗೂ ಅಂಚಿನ ಅರಿವಾಗುತ್ತದೆ. ಹುಲ್ಲೂ ಕಲ್ಲೂ ಸೇರುವಲ್ಲಿ ಮಟ್ಟದ ವ್ಯತ್ಯಾಸ 6 ಮಿಲಿಮೀಟರಿಗಿಂತ ಹೆಚ್ಚಿರದಂತೆ ಪಟ್ಟು ಹಿಡಿದು ಮಾಡಿಸಿದ್ದೆವು. ವಾಕರ್ ಅಲ್ಲಿ ಒಮ್ಮೆಯೂ ತಡೆದಿಲ್ಲ.

ಇದರ ದೊಡ್ಡ ದೋಷ ಬಿಸಿ. ನಿಜವಾದ ಹುಲ್ಲು ತನ್ನಲ್ಲಿನ ನೀರನ್ನು ಆವಿಯಾಗಿಸಿ ತಂಪಾಗಿರುತ್ತದೆ. ಪ್ಲಾಸ್ಟಿಕ್ಕಿಗೆ ಆ ಉಪಾಯವಿಲ್ಲ. ಪ್ರಖರ ಬಿಸಿಲಿನ ಮಧ್ಯಾಹ್ನ ಅದರ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನೀರು ಚಿಮುಕಿಸಿದರೆ ತಣಿಯುತ್ತದೆ, ಆದರೆ ಒಣಗಿದೊಡನೆ ಮತ್ತೆ ಕಾಯುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಮನೆಯಲ್ಲಿದ್ದರೆ ಇದನ್ನು ಹಗುರವಾಗಿ ನೋಡಬಾರದು, ಏಕೆಂದರೆ ಸುಟ್ಟದ್ದು ಅವರಿಗೆ ಗೊತ್ತಾಗುವುದು ಬೊಬ್ಬೆ ಎದ್ದ ಮೇಲೆಯೇ. ನಡೆಯುವ ದಾರಿಗೆ ನೆರಳಿನ ಬಟ್ಟೆ ಕಟ್ಟಿಸಿದ ನಂತರವೇ ನಮಗೆ ನೆಮ್ಮದಿಯಾದದ್ದು. ಶಾಖ ತಡೆಯುವ ಲೇಪನವಿರುವ ಕಿಟಕಿ ಗಾಜಿನಿಂದ ಪ್ರತಿಫಲಿಸಿದ ಬಿಸಿಲು ಒಂದೇ ಕಡೆ ಬಿದ್ದರೆ ಎಳೆಗಳು ಕರಗುವುದೂ ಉಂಟು. ಹಾಸುವ ಮೊದಲು ದಿನವಿಡೀ ಬಿಸಿಲಿನ ಓಡಾಟವನ್ನು ಗಮನಿಸಿ.

ನಿರ್ವಹಣೆ ಸುಲಭ. ಕೊಳದ ನೀರಿನಲ್ಲಿ ಸಾಮಾನ್ಯವಾಗಿರುವ ಕ್ಲೋರಿನ್‌ನಿಂದ ಎಳೆಗಳಿಗೆ ಹಾನಿಯಾಗಿಲ್ಲ. ವಾರಕ್ಕೊಮ್ಮೆ ಪೈಪಿನಿಂದ ತೊಳೆದು, ಎಳೆ ಬಾಗಿದ ದಿಕ್ಕಿಗೆ ಎದುರಾಗಿ ಗಡಸು ಬ್ರಷ್‌ನಿಂದ ಉಜ್ಜುತ್ತೇವೆ. ನೆರಳಿನ ಭಾಗದಲ್ಲಿ ಪಾಚಿ ಕಟ್ಟಬಹುದು, ಕಟ್ಟಿದರೆ ಈ ಹಾಸೂ ಜಾರುತ್ತದೆ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಈ ಹಾಸು ಜಾರುವುದನ್ನು ತಡೆಯುತ್ತದೆಯೇ ಹೊರತು ಮುಳುಗುವುದನ್ನಲ್ಲ. ನೆಲ ಹಿತವಾದಷ್ಟೂ ಮಕ್ಕಳು ಅಲ್ಲಿಗೆ ಹೆಚ್ಚು ಓಡಿ ಬರುತ್ತಾರೆ. ಕನಿಷ್ಠ 1.2 ಮೀಟರ್ ಎತ್ತರದ, ಹತ್ತಲು ಆಸರೆಯಿಲ್ಲದ ಬೇಲಿ, ತಾನೇ ಮುಚ್ಚಿಕೊಂಡು ಚಿಲಕ ಬೀಳುವ ಬಾಗಿಲು, ಮತ್ತು ಕಣ್ಣಿಟ್ಟಿರುವ ಒಬ್ಬ ದೊಡ್ಡವರು: ಈ ಮೂರೂ ಇರಲೇಬೇಕು.

ಇಷ್ಟರಲ್ಲಿ ಸೋತಿರುವುದು ಒಂದೇ ಒಂದು ಜೋಡಣೆ. ಎರಡು ಹಾಸುಗಳು ಕೂಡುವ ಗೆರೆ ನಮ್ಮಲ್ಲಿ ಇಳಿಜಾರು ದಾರಿಯ ಬುಡದಲ್ಲೇ ಬಿದ್ದಿದೆ, ಕುರ್ಚಿ ತಿರುಗುವುದೂ ಅಲ್ಲಿಯೇ. ಗಾಲಿಯ ತಿರುಚಾಟಕ್ಕೆ ಅಂಟು ಬಿಟ್ಟು ಅಂಗೈ ಉದ್ದದಷ್ಟು ಅಂಚು ಮೇಲೆದ್ದಿದೆ. ಮುಂದಿನ ವಾರ ಮತ್ತೆ ಅಂಟಿಸುವವರೆಗೆ ಆ ಬದಿಯಿಂದ ತಾಯಿಯನ್ನು ಕರೆತರುತ್ತಿಲ್ಲ. ಹೊಸದಾಗಿ ಹಾಸಿಸುವವರು ಗಾಲಿ ತಿರುಗುವ ಜಾಗವನ್ನು ಮೊದಲೇ ಗುರುತು ಮಾಡಿ, ಅಲ್ಲಿ ಜೋಡಣೆ ಬಾರದಂತೆ ಹಾಸನ್ನು ಕತ್ತರಿಸಲು ಹೇಳಬೇಕು.