ಸೊಮಾಲಿಯಾ ಆನೆ ನಾಣ್ಯ ತರಿಸುವ ಮುಂಚೆ ತೂಕ ಕೇಳಿ

ಆನೆ, ಪಾಂಡಾ, ಕಾಂಗರೂ ಚಿತ್ರದ ಬೆಳ್ಳಿ ನಾಣ್ಯ ಮಾರುವ ಇನ್‌ಸ್ಟಾಗ್ರಾಂ ಪೇಜ್‌ಗಳು ಈಚೆಗೆ ಜಾಸ್ತಿಯಾಗಿವೆ. ಅಂಥದ್ದೊಂದು ಪೇಜ್‌ನವರು ನನಗೆ ನಕಲಿ ಆನೆ ನಾಣ್ಯ ಕಳಿಸಿದರು. ದುಡ್ಡು ಇನ್ನೂ ವಾಪಸ್ ಬಂದಿಲ್ಲ. ನಿಮಗೂ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಅಸಲಿ ನಾಣ್ಯ ಸೊಮಾಲಿಯಾ ಹೆಸರಿನಲ್ಲಿದ್ದರೂ ಅಚ್ಚಾಗುವುದು ಜರ್ಮನಿಯ ಬವೇರಿಯಾ ಟಂಕಸಾಲೆಯಲ್ಲಿ. 2004ರಿಂದ ಬರುತ್ತಿದೆ. ವರ್ಷ ವರ್ಷ ಆನೆಯ ಚಿತ್ರ ಬದಲಾಗುತ್ತದೆ, ಅದಕ್ಕೇ ಸಂಗ್ರಹಕಾರರು ಒಂದನ್ನೂ ಬಿಡಲು ಇಷ್ಟಪಡುವುದಿಲ್ಲ. ಒಂದು ಔನ್ಸ್ ನಾಣ್ಯ ಅಂದರೆ 31.1 ಗ್ರಾಂ ಶುದ್ಧ ಬೆಳ್ಳಿ, ಅಗಲ 39 ಮಿ.ಮೀ.

ನನಗೆ ಬಂದದ್ದು ಅಗಲದಲ್ಲಿ ಸರಿಯಾಗಿಯೇ ಇತ್ತು. ಆನೆಯ ಕಣ್ಣಿನ ಸುತ್ತ ಇರಬೇಕಾದ ಸಣ್ಣ ಸುಕ್ಕುಗಳು ಮಾತ್ರ ಮಸುಕು ಮಸುಕು. ಅಂಚಿನ ಹಲ್ಲುಗಳ ಒಂದು ಕಡೆ ಕೆಂಪು ಬಣ್ಣ ಇಣುಕುತ್ತಿತ್ತು. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟರೆ ಬರೀ 26 ಗ್ರಾಂ! ಒಳಗೆಲ್ಲ ತಾಮ್ರ, ಮೇಲೆ ಬೆಳ್ಳಿ ಕೋಟಿಂಗ್. ತಾಮ್ರ ಬೆಳ್ಳಿಗಿಂತ ಹಗುರ. ಅದೇ ಅಗಲ, ಅದೇ ದಪ್ಪದಲ್ಲಿ ತಾಮ್ರ ಹಾಕಿದರೆ ತೂಕ ಕಮ್ಮಿ ಬಂದೇ ಬರುತ್ತದೆ. ತೂಕ ಸರಿಮಾಡಲು ಹೋದರೆ ನಾಣ್ಯ ದಪ್ಪವಾಗುತ್ತದೆ. ಹಾಗಾಗಿ ತೂಕ, ಅಗಲ, ದಪ್ಪ ಮೂರನ್ನೂ ಒಟ್ಟಿಗೆ ನೋಡಬೇಕು. ಅಯಸ್ಕಾಂತ ಹಿಡಿದು ನೋಡಿದರೆ ಸಾಲದು. ಅದು ಬೆಳ್ಳಿಗೂ ಅಂಟುವುದಿಲ್ಲ, ತಾಮ್ರಕ್ಕೂ ಅಂಟುವುದಿಲ್ಲ.

ಮಾರಿದವರನ್ನು ಕೇಳಿದೆ. "ಸರ್, ಆಫ್ರಿಕಾದ ನಾಣ್ಯಗಳು ಹೀಗೇ ಇರ್ತವೆ" ಅಂದರು. ತಕ್ಕಡಿಯ ಫೋಟೊ ಕಳಿಸಿದ ಮೇಲೆ ಬ್ಲಾಕ್ ಮಾಡಿದರು. ಬಿಲ್ ಆಮೇಲೆ ಕಳಿಸುತ್ತೇವೆ ಅಂದವರು ಕಳಿಸಲೇ ಇಲ್ಲ. ಜೊತೆಗೆ ಬಂದ ಸರ್ಟಿಫಿಕೇಟ್‌ನಲ್ಲಿ ಬಂಗಾರದ ಬಣ್ಣದ ದೊಡ್ಡ ಮುದ್ರೆ ಇದೆ, ಕೊಟ್ಟವರು ಯಾರು ಅನ್ನುವುದೇ ಇಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಯುಪಿಐನಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ ಇದನ್ನೇ ಮಾಡಿ.

ಇನ್ನೊಂದು ಮಾತು. ಇಂಥ ನಾಣ್ಯಕ್ಕೆ ಒಳಗಿರುವ ಬೆಳ್ಳಿಯ ಬೆಲೆಗಿಂತ ಮೇಲೆಯೇ ರೇಟ್ ಇರುತ್ತದೆ. ಅದಕ್ಕಿಂತ ಕಮ್ಮಿಗೆ "ಹಬ್ಬದ ಆಫರ್" ಅಂತ ಬಂದರೆ ಬೇಡವೇ ಬೇಡ. ಪ್ರಾಣಿ ಚಿತ್ರದ ನಾಣ್ಯ ಬೇಕೆಂದರೆ ನಮ್ಮಲ್ಲೇ ಇದೆಯಲ್ಲ. ಹುಲಿ ಯೋಜನೆಗೆ 50 ವರ್ಷ ತುಂಬಿದ್ದಕ್ಕೆ 2023ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲೇ ನಾಣ್ಯ ಬಿಡುಗಡೆ ಆಯಿತು. ಭಾರತದ ಸ್ಮರಣಾರ್ಥ ನಾಣ್ಯಗಳನ್ನು ಸರ್ಕಾರಿ ಟಂಕಸಾಲೆಯೇ ತನ್ನ ವೆಬ್‌ಸೈಟ್‌ನಲ್ಲಿ ಮಾರುತ್ತದೆ. ಮೊದಲು ಅಲ್ಲಿ ಹುಡುಕಿ.

ಆ ಪೇಜ್ ಈಗ ಹೆಸರು ಬದಲಿಸಿಕೊಂಡು ಚೀನಾದ ಪಾಂಡಾ ನಾಣ್ಯ ಮಾರುತ್ತಿದೆ. 2019ರ ಪಾಂಡಾ, 31.1 ಗ್ರಾಂ ಅಂತ ಜಾಹೀರಾತು ಹಾಕಿದ್ದಾರೆ. 2016ರಿಂದಲೇ ಆ ಪಾಂಡಾ ನಾಣ್ಯದ ತೂಕ 30 ಗ್ರಾಂ.