ಹಳೇ ಕಾರಿಗೆ ಯಾವ ಸ್ಕ್ರೀನ್?

ಆಂಡ್ರಾಯ್ಡ್ ಸ್ಟೀರಿಯೊ, ಆಂಡ್ರಾಯ್ಡ್ ಆಟೊ ಇರುವ ಸೆಟ್, ಇಲ್ಲ ಸುಮ್ನೆ ಫೋನ್ ಸ್ಟ್ಯಾಂಡ್ ಸಾಕಾ ಅಂತ ಕೇಳಿದ್ದೀರಿ. ಸ್ಟ್ಯಾಂಡೇ ಅಗ್ಗ. ಆದರೆ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಗಾಜಿನ ಹತ್ತಿರ ಫೋನ್ ಕಾದು ಮ್ಯಾಪ್ ತಡವರಿಸುತ್ತದೆ.

ನಿಜವಾದ ವ್ಯತ್ಯಾಸ ಇರೋದು ಬಾಳಿಕೆಯಲ್ಲಿ. ಆಂಡ್ರಾಯ್ಡ್ ಸ್ಟೀರಿಯೊ ಅಂದ್ರೆ ಡ್ಯಾಶ್‌ಬೋರ್ಡಿಗೆ ಕೂರಿಸಿದ ಟ್ಯಾಬ್ಲೆಟ್ಟೇ; ಪ್ರೊಸೆಸರ್, ಮೆಮೊರಿ ಎಲ್ಲಾ ಅದರೊಳಗೇ ಇರುವುದರಿಂದ ಅಪ್‌ಡೇಟ್ ನಿಂತರೆ ಕಾರು ಗಟ್ಟಿಯಾಗಿದ್ದರೂ ಸ್ಕ್ರೀನ್ ಮುದಿಯಾಗುತ್ತದೆ. 2015ರಲ್ಲಿ ಬಂದ ಆಂಡ್ರಾಯ್ಡ್ ಆಟೊದಲ್ಲಿ ಕೆಲಸವೆಲ್ಲ ಫೋನಿನದ್ದು, ಸ್ಕ್ರೀನ್ ಬರೀ ತೋರಿಸುತ್ತದೆ. ಹೊಸ ಫೋನ್ ತಗೊಂಡ್ರೆ ಕಾರಿಗೂ ಹೊಸ ಮಿದುಳು, ಅಲ್ವಾ?

ಸೆಟ್ ಯಾವುದೇ ಆಗಲಿ, ವಾಲ್ಯೂಮಿಗೆ ತಿರುಗಿಸುವ ಗುಂಡಿ ಇರಲಿ, ಇದು ನನ್ನ ಹಟ. 2026ರಿಂದ ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ ಕೂಡ ಹಾರನ್, ವೈಪರ್‌ಗಳಿಗೆ ಕೈಗೆ ಸಿಗುವ ಗುಂಡಿ ಬೇಕು ಅನ್ನುತ್ತಿದೆ.

ಊರೊಳಗಿನ ಓಡಾಟಕ್ಕೆ ಸ್ಟ್ಯಾಂಡ್ ಸಾಕು. ಚಿತ್ರದುರ್ಗ, ಬೆಂಗಳೂರು ಅಂತ ಹೆದ್ದಾರಿಯಲ್ಲೇ ಜಾಸ್ತಿ ಇರುವವರಿಗೆ ಆಂಡ್ರಾಯ್ಡ್ ಆಟೊ. ಮನೆಮಂದಿಯೆಲ್ಲ ಒಂದೇ ಕಾರು ಓಡಿಸುತ್ತಾ, ಫೋನ್ ಜೋಡಿಸುವ ರಗಳೆಯೇ ಬೇಡ ಅನ್ನುವವರಿಗೆ ಸ್ಟೀರಿಯೊ.