‘ಉರಿಯೋದು ಏನಾದ್ರೂ ಹಾಕಿ’ ಅಂದರು, ಹಾಕಿದೆ

ನಮ್ಮದು ಮರಗೆಲಸದ ಶೆಡ್ಡು. ಹೊಟ್ಟು, ಚೂರು, ತುಂಡು ಮೂಟೆಗಟ್ಟಲೆ ಬೀಳುತ್ತದೆ. ಅದರಿಂದಲೇ ಜನರೇಟರ್ ಓಡಿಸೋಣ ಅಂತ ಎಂಟು ತಿಂಗಳ ಹಿಂದೆ ಗ್ಯಾಸಿಫೈಯರ್, ಅಂದರೆ ಮರದಿಂದ ಎಂಜಿನ್ ಓಡಿಸುವ ಗ್ಯಾಸ್ ಮಾಡುವ ಯಂತ್ರ, ತರಿಸಿದೆ. ‘ಉರಿಯೋದು ಏನಾದ್ರೂ ಹಾಕಿ’ ಅಂದಿದ್ದರು ಮಾರಿದವರು. ಆ ಮಾತೊಂದನ್ನು ಬಿಟ್ಟರೆ ಯಂತ್ರದ ಮೇಲೆ ದೊಡ್ಡ ದೂರಿಲ್ಲ.

ಇದು ಮರಕ್ಕೆ ಬೇಕಾದಷ್ಟು ಗಾಳಿ ಕೊಡದೆ ಅರೆಬರೆ ಉರಿಸುತ್ತದೆ. ಮೇಲೆ ಸುರಿದ ಮರ ಮೊದಲು ಒಣಗುತ್ತದೆ, ಆಮೇಲೆ ಹೊಗೆ ಬಿಟ್ಟು ಇದ್ದಿಲಾಗುತ್ತದೆ. ಗಾಳಿ ನುಗ್ಗುವ ಜಾಗದಲ್ಲಿ ಬಿಸಿ 1000 ಡಿಗ್ರಿ ದಾಟುತ್ತದೆ. ಅಲ್ಲಿಂದ ಹೊಗೆ ಕೆಳಗಿನ ಕೆಂಡದೊಳಗೆ ನುಸುಳಿ ಬರುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಹುಟ್ಟುತ್ತವೆ. ಎಂಜಿನ್ ಓಡುವುದು ಇವುಗಳಿಂದಲೇ. ಆದರೆ ಬರುವ ಗ್ಯಾಸಿನಲ್ಲಿ ಹೆಚ್ಚುಕಮ್ಮಿ ಅರ್ಧ ಉರಿಯದ ನೈಟ್ರೋಜನ್. ಹಾಗಾಗಿ ಪೆಟ್ರೋಲಿನಲ್ಲಿ 10 ಕಿಲೋವಾಟ್ ಕೊಡುವ ನನ್ನ ಎಂಜಿನ್ ಇದರಲ್ಲಿ ಆರರ ಆಸುಪಾಸು. ಗರಗಸ, ಪ್ಲೇನರ್ ಎರಡೂ ಒಟ್ಟಿಗೆ ಹಾಕಿದರೆ ಏದುಸಿರು ಬಿಡುತ್ತದೆ.

ಮೊದಲ ವಾರ ಹೊಟ್ಟು ಸುರಿದೆ. ಅದು ಗಟ್ಟಿಯಾಗಿ ಕೂತು ಗಾಳಿಗೇ ದಾರಿ ಇಲ್ಲದಂತಾಯಿತು. ಆಮೇಲೆ ಮಳೆಗೆ ನೆನೆದ ತುಂಡು ಹಾಕಿದೆ. ಇನ್ನೂ ದೊಡ್ಡ ತಪ್ಪು. ಹಸಿ ಮರ ಒಳಗಿನ ಬಿಸಿ ಇಳಿಸುತ್ತದೆ, ಬಿಸಿ ಇಳಿದರೆ ಹೊಗೆಯಲ್ಲಿರುವ ಅಂಟು ಟಾರ್ ಒಡೆಯದೆ ಹಾಗೇ ಬರುತ್ತದೆ. ಫಿಲ್ಟರ್ ದಾಟಿ ಎಂಜಿನ್ನಿಗೇ ಹೋಯಿತು. ಬಿಚ್ಚಿ ನೋಡಿದರೆ ವಾಲ್ವ್ ಜೇನುಮೇಣ ಹಾಕಿದ ಹಾಗೆ ಅಂಟಿಕೊಂಡಿತ್ತು. ಫೋನ್ ಮಾಡಿದರೆ ‘ಒಣಗಿದ್ದೇ ಹಾಕಬೇಕು ಸಾರ್’ ಅಂದರು. ಮೊದಲೇ ಹೇಳಬಹುದಿತ್ತು ಅಲ್ವಾ? ಪಿವಿಸಿ ಎಡ್ಜ್ ಬ್ಯಾಂಡ್ (ಅಂಚಿಗೆ ಹಚ್ಚುವ ಪ್ಲಾಸ್ಟಿಕ್ ಪಟ್ಟಿ) ಅಂಟಿರುವ ಹಲಗೆ ಚೂರನ್ನಂತೂ ಹಾಕಲೇಬಾರದು. ಅದರ ಕ್ಲೋರಿನ್ ಆಮ್ಲವಾಗಿ ಕಬ್ಬಿಣ ತಿನ್ನುತ್ತದೆ. ಕೈಪಿಡಿಯಲ್ಲಿ ಇದರ ಸುದ್ದಿಯೇ ಇಲ್ಲ.

ಈಗ ಹೆಬ್ಬೆರಳು ಗಾತ್ರದ, ಚೆನ್ನಾಗಿ ಒಣಗಿದ ತುಂಡು ಮಾತ್ರ. ಒಂದು ಯೂನಿಟ್ ಕರೆಂಟಿಗೆ ಸುಮಾರು ಒಂದೂವರೆ ಕಿಲೋ ಬೇಕು. ಬೆಳಿಗ್ಗೆ ಬ್ಲೋವರ್ ಹಾಕಿ ಇಪ್ಪತ್ತು ನಿಮಿಷ ಕಾಯುತ್ತೇನೆ. ಹೊರಬರುವ ಗ್ಯಾಸಿಗೆ ಹಚ್ಚಿದ ಜ್ವಾಲೆ ಹೊಗೆಯಿಲ್ಲದೆ ನಿಂತ ಮೇಲೇ ಗ್ಯಾಸನ್ನು ಎಂಜಿನ್ನಿಗೆ ಕೊಡುವುದು. ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವುದು ಹೊಲಸು ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ.

ಯಂತ್ರವನ್ನು ಶೆಡ್ಡಿನ ಹೊರಗೆ ಇಟ್ಟಿದ್ದೇನೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಸೋರಿದರೆ ಜೀವ ಹೋಗುತ್ತದೆ. ಅಲಾರಂ ಜೊತೆಗೆ ಕೊಟ್ಟಿರಲಿಲ್ಲ, ನಾನೇ ಬೇರೆ ತಂದೆ.

ಯಂತ್ರಕ್ಕೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ತುಂಡೆಲ್ಲ ಖಾಲಿಯಾಗುತ್ತಿದೆ. ಹೊಟ್ಟಿನ ಮೂಟೆಗಳು ಮಾತ್ರ ಇನ್ನೂ ಮೂಲೆಯಲ್ಲೇ ಇವೆ.